ಬರೀ ನೀರಿನ ಪಾತಿಗಳು

ನವೆಂಬರ್ 12

ಗುಬ್ಬಿ,

ಮೊದಲ ಸಾಲಿನಲ್ಲಿ ಕ್ಷೇಮ ಅಂತ ಬರೆಯುವುದು ರೂಢಿ, ಬರೆದೆ ಅಂತ ತಿಳಿದುಕೋ. ಹೊಲ ಕಾಯುವ ಕೆಲಸಕ್ಕೆ ಸೇರಿ ನಾಲ್ಕು ದಿನವಾಯಿತು. ಸಂಶೋಧನಾ ಕೇಂದ್ರ ಅಂದಾಗ ಏನೇನೋ ಅಂದುಕೊಂಡಿದ್ದೆ. ಬಂದು ನೋಡಿದರೆ ತಗಡಿನ ಮಾಡಿನ ಎರಡು ಕೋಣೆ. ಮುಂದಿನದರಲ್ಲಿ ಗುಮಾಸ್ತ, ಹಿಂದಿನದರಲ್ಲಿ ನಾನು. ನಡುವಿನ ಗೋಡೆಯಲ್ಲಿ ಎಂಥ ಬಿರುಕು ಅಂದರೆ ಅವನು ಪುಟ ತಿರುಗಿಸಿದರೂ ನನಗೆ ಕೇಳಿಸುತ್ತದೆ. ಅವನು ಹೊಲಕ್ಕೆ ಕಾಲಿಡುವುದಿಲ್ಲ, ಬೂಟು ಹಾಳಾಗುತ್ತದಂತೆ. ಒಳ್ಳೆಯದೇ ಆಯಿತು, ಹೇಳುವವರು ಕೇಳುವವರು ಇಲ್ಲ.

ಸೇರಿದ ದಿನ ಒಂದು ನಮೂನೆ ತುಂಬಿಸಿಕೊಂಡ. "ಪ್ರಯೋಗದ ಮುಖ್ಯಸ್ಥರು ನಿಮಗೇನಾಗಬೇಕು?" ಅಂದ. ನೀನು ಹೇಳಿಕೊಟ್ಟ ಹಾಗೆ "ಏನೂ ಆಗಬೇಕಿಲ್ಲ" ಅಂದೆ. ಅವನು "ಸಂಬಂಧ: ಇಲ್ಲ" ಅಂತ ಬರೆದು ಮೊಹರು ಒತ್ತಿದ. ಅಮ್ಮ ಹೋದಾಗ ನಿನಗೆ ಐದು, ನನಗೆ ಹದಿನಾಲ್ಕು. ಶಾಲೆ ಬಿಟ್ಟು ನಿನ್ನ ಸುರಿಯುವ ಮೂಗು ಒರೆಸಿದವಳು ನಾನು. ಏನೂ ಆಗಬೇಕಿಲ್ಲ ಅನ್ನುವಾಗ ನಾಲಿಗೆ ತೊಡರಿತು. ಹೋಗಲಿ, ಸ್ವಂತ ಅಕ್ಕನನ್ನು ಕೆಲಸಕ್ಕೆ ಸೇರಿಸಿಕೊಂಡ ಅನ್ನುವ ಮಾತು ನಿನಗೆ ಬರಬಾರದು ತಾನೆ. ಈ ವಯಸ್ಸಿನಲ್ಲಿ ನನಗೆ ಇನ್ಯಾರು ಸಂಬಳ ಕೊಡುತ್ತಿದ್ದರು?

ಇಪ್ಪತ್ತನಾಲ್ಕು ಪಾತಿಯಲ್ಲೂ ಗೋಧಿ ಬಿತ್ತಿಯಾಯಿತು. ಬದುಗಳನ್ನು ಮೊಣಕಾಲೆತ್ತರ ಕಟ್ಟಿಸಿದ್ದೇನೆ, ಒಂದರ ನೀರು ಇನ್ನೊಂದಕ್ಕೆ ಜಿನುಗದು.

ಅಕ್ಕ

ಡಿಸೆಂಬರ್ 3

ಅಕ್ಕ,

ಪೆಟ್ಟಿಗೆ ಕಳಿಸಿದ್ದೇನೆ. ಕಂದು ಬಣ್ಣದ ಮೂರು ಬಾಟಲಿಗಳಲ್ಲಿ ಇರುವುದು ನನ್ನ ಒಂಬತ್ತು ವರ್ಷ. ಕೆಳಗೆ ಹಾಕಬೇಡ.

ಇದೇನು ಮದ್ದು ಅಂತ ಕೇಳಿದ್ದೆಯಲ್ಲ, ಹೇಳುತ್ತೇನೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತೆರೆದರೆ ಉಪ್ಪು ಪಸೆಯಾಗಿರುತ್ತದಲ್ಲ? ಉಪ್ಪು ನೀರನ್ನು ಹಿಡಿದುಕೊಳ್ಳುತ್ತದೆ. ಕೆಲವು ಗಿಡಗಳು ಬಾಯಾರಿದಾಗ ತಮ್ಮೊಳಗೇ ಅಂಥದೊಂದು ವಸ್ತು ಮಾಡಿಕೊಳ್ಳುತ್ತವೆ. ಅದು ಎಲೆಯೊಳಗಿನ ನೀರನ್ನು ಬಿಟ್ಟುಕೊಡದೆ ಹಿಡಿಯುತ್ತದೆ, ಆದರೆ ಉಪ್ಪಿನ ಹಾಗೆ ಗಿಡವನ್ನು ಸುಡುವುದಿಲ್ಲ. ಹೆಸರು ಬೀಟೇನ್. ಬೀಟ್‌ರೂಟ್ ಗಿಡ ಅದರಲ್ಲಿ ಧಾರಾಳಿ, ಗೋಧಿ ಜಿಪುಣ. ನಾನು ಧಾರಾಳಿಯಿಂದ ತೆಗೆದು ಜಿಪುಣನಿಗೆ ಕೊಡುತ್ತಿದ್ದೇನೆ. ಬಕೆಟ್ಟುಗಟ್ಟಲೆ ರುಬ್ಬಿ ರುಬ್ಬಿ ನನ್ನ ಕೈ ಮೊಣಕೈವರೆಗೆ ಕೆಂಪು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಾರೆ.

ಕುಂಡದಲ್ಲಿ ಗೆದ್ದಿದೆ, ಹೊಲದಲ್ಲಿ ಗೆಲ್ಲಬೇಕು. ಈ ಬೆಳೆ ಗೆದ್ದರೆ ಮದ್ದು ಒಣ ಸೀಮೆಯ ಹೊಲಗಳಿಗೆಲ್ಲ ಹೋಗುತ್ತದೆ, ಸೋತರೆ ಇಲ್ಲಿಯ ನನ್ನ ಪ್ರಯೋಗದ ಕೊಠಡಿಗೆ ಬೀಗ. ನಿರ್ದೇಶಕಿ ನಗುತ್ತಲೇ ಹೇಳಿದರು, ಆದರೆ ಅವರು ನಗುತ್ತ ಸುಳ್ಳು ಹೇಳುವವರಲ್ಲ.

ಹನ್ನೆರಡು ಪಾತಿಗೆ ಬೀಟೇನ್, ಹನ್ನೆರಡಕ್ಕೆ ಬರೀ ನೀರು. ಪೆಟ್ಟಿಗೆಯಲ್ಲಿ ಚೀಟಿಗಳಿವೆ, ಗೂಟಕ್ಕೆ ಕಟ್ಟು. ತೇವ ಅಳೆಯುವ ಸಾಧನ ಎರಡೇ ಸಿಕ್ಕವು, ಎರಡನ್ನೂ ಮದ್ದಿನ ಪಾತಿಯಲ್ಲೇ ನೆಡು. ಫೋನ್ ಮಾಡಬೇಡ, ಅದು ಗುಮಾಸ್ತನ ಮೇಜಿನ ಮೇಲಿದೆ. ನನ್ನ ಮನೆಯ ವಿಳಾಸಕ್ಕೇ ಬರೆ.

ಆಪರೇಷನ್ ಆದ ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ಐದು ಕಿಲೋ ಮೇಲೆ ಎತ್ತಬಾರದು ಅಂತ ವೈದ್ಯರು ಹೇಳಿದ್ದು ನೆನಪಿರಲಿ. ಎತ್ತುವುದಿಲ್ಲ ಅಂತ ಮಾತು ಕೊಟ್ಟಿದ್ದೀಯ.

ಗುಬ್ಬಿ

ಜನವರಿ 20

ಗುಬ್ಬಿ,

ಮೊದಲ ಸಿಂಪಡಣೆ ಮುಗಿಯಿತು. ಹನ್ನೆರಡಕ್ಕೆ ಮದ್ದು, ಹನ್ನೆರಡಕ್ಕೆ ಬರೀ ನೀರು, ಎರಡೂ ಮಂಜಿನ ಹಾಗೆ ನಯವಾಗಿ. ಮದ್ದಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಂಬತ್ತು ವರ್ಷ ರುಬ್ಬಿ ಕೊನೆಗೆ ನೀರಿನ ಹಾಗೇ ಕಾಣುವುದನ್ನು ತೆಗೆದಿದ್ದೀಯ ಅಂತ ನಗು ಬಂತು.

ಬೇಲಿಯಾಚೆಯ ಹೊಲ ಒಬ್ಬ ನಿವೃತ್ತ ಮೇಷ್ಟ್ರದು. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟು ಈಗ ಗೋಧಿ ಬೆಳೆಯುತ್ತಾರೆ. ಬೇಲಿಗೆ ಒರಗಿ ನಿಂತು ನನ್ನ ಪಾತಿ ಎಣಿಸುತ್ತಾರೆ, ದಿನಾ ಇಪ್ಪತ್ತನಾಲ್ಕೇ ಬರುತ್ತದೆ, ಆದರೂ ಬಿಡುವುದಿಲ್ಲ. ಮಳೆ ಕೈ ಕೊಟ್ಟಿದೆ, ಅವರ ಗೋಧಿ ಈಗಲೇ ನೆಲ ನೋಡುತ್ತಿದೆ. ಈ ಮದ್ದು ನಮಗೂ ಸಿಗುತ್ತದಾ ಅಂತ ಕೇಳಿದರು. ಸಿಗುತ್ತದೆ, ಸ್ವಲ್ಪ ತಾಳಿ ಅಂದೆ. ನನ್ನ ತಮ್ಮ ಮಾಡಿದ್ದು ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಒಂದು ಸಲ ಬಂದು ನೋಡಬಾರದಾ? ಪ್ರಯೋಗ ನಿನ್ನದು. ಒಂದು ಹಗಲು ರೈಲು, ಅಷ್ಟೇ ತಾನೆ.

ಅಕ್ಕ

ಫೆಬ್ರವರಿ 2

ಅಕ್ಕ,

ಬರಬೇಕೆಂದು ನನಗೂ ಆಸೆ. ಕೆಲಸ ಬಿಡುವುದಿಲ್ಲ. ಸುಮ್ಮನೆ ಹೇಳುತ್ತಿಲ್ಲ, ಇಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ನೀನಿರುವಾಗ ನಾನು ಬಂದು ಮಾಡುವುದೇನಿದೆ?

ಐದನೇ ತಾರೀಕು ಎರಡನೇ ಸಿಂಪಡಣೆ. ಅಂದಿನಿಂದ ಇಪ್ಪತ್ತೆಂಟು ದಿನ ನಿಜವಾದ ಪರೀಕ್ಷೆ. ಗುಮಾಸ್ತನಿಗೆ ಪಂಪಿಗೆ ಬೀಗ ಹಾಕಲು ಇಲ್ಲಿಯ ಕಚೇರಿಯ ಮೂಲಕ ತಿಳಿಸಿದ್ದೇನೆ. ಮದ್ದಿನ ಪಾತಿಗಳಿಗೆ ಒಂದು ಹನಿ ನೀರೂ ಸೋಕಬಾರದು. ಇಬ್ಬನಿ ಬಿದ್ದರೂ ನನಗೆ ಬರೆ. ಬರೀ ನೀರಿನವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಅವು ಏನಾಗುತ್ತವೆ ಎಂದು ನನಗೆ ಗೊತ್ತೇ ಇದೆ.

ನಿನ್ನನ್ನು ನಂಬಿದ್ದೇನೆ.

ಗುಬ್ಬಿ

ಫೆಬ್ರವರಿ 27

ಗುಬ್ಬಿ,

ಈ ಕಾಗದ ಓದುವ ಮೊದಲು ಕೂತುಕೋ. ಇಪ್ಪತ್ತೆರಡನೇ ದಿನ ಇವತ್ತು. ಮೇಷ್ಟ್ರ ಹೊಲ ಸುಟ್ಟ ಕಾಗದದ ಬಣ್ಣಕ್ಕೆ ತಿರುಗಿದೆ. ತೆನೆಯೊಳಗೆ ಕಾಳಿಲ್ಲ, ಹಿಚುಕಿದರೆ ಹೊಟ್ಟು. ಮೊನ್ನೆ ಅವರು ಅರ್ಧ ಹೊಲ ಕೊಯ್ದು ದನಕ್ಕೆ ಹಾಕಿದರು. ಅವತ್ತು ನನ್ನ ಪಾತಿ ಎಣಿಸಲಿಲ್ಲ.

ನಮ್ಮಲ್ಲಿ ಹಾಗಲ್ಲ. ಮದ್ದಿನ ಪಾತಿ ಮತ್ತು ಬರೀ ನೀರಿನ ಪಾತಿ ಎರಡೂ ಸಮಸಮ ನಿಂತಿವೆ ಕಣೋ. ಬೆಳಗ್ಗೆ ಎದ್ದು ನೋಡಿದರೆ ಯಾವುದು ಯಾವುದು ಅಂತ ಚೀಟಿ ಓದಿಯೇ ಹೇಳಬೇಕು. ನಾನು ಮೂರು ಸಲ ಹೋಗಿ ನೋಡಿ ಬಂದೆ. ತೆನೆಯ ತೂಕಕ್ಕೆ ಎರಡರ ಕತ್ತೂ ಬಾಗಿದೆ.

ಅಮ್ಮ ಇರಬೇಕಿತ್ತು.

ಅಕ್ಕ

ಮಾರ್ಚ್ 8

ಅಕ್ಕ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಬರೀ ನೀರಿನ ಪಾತಿಗಳು ನಿಜವಾಗಿಯೂ ಒಣಗಿಲ್ಲವೇ? ಎಲೆಯ ತುದಿ ಸುರುಳಿಯಾಗಿಲ್ಲವೇ? ಎಲ್ಲವನ್ನೂ ನಾನು ಹೇಳಿದ ಹಾಗೇ ಮಾಡಿದ್ದೀಯ ತಾನೆ? ಚೀಟಿಗಳು ಅದಲುಬದಲಾಗಿಲ್ಲ ತಾನೆ?

ಬೇಗ ಬರೆ.

ಗುಬ್ಬಿ

ಮಾರ್ಚ್ 15

ಗುಬ್ಬಿ,

ಇದೇನು ಪೊಲೀಸರ ಹಾಗೆ ಪ್ರಶ್ನೆ? ನೀನು ಹೇಳಿದ ಹಾಗೇ ಮಾಡಿದ್ದೇನೆ, ಒಂದಕ್ಷರ ಆಚೆ ಈಚೆ ಇಲ್ಲ. ಚೀಟಿ ಕಟ್ಟಿದ ಗಂಟು ಕೂಡ ಬಿಚ್ಚಿಲ್ಲ. ಮದ್ದಿನ ಪಾತಿಗೆ ಹನಿ ನೀರು ಸೋಕಿದ್ದರೆ ನನ್ನ ಕೈ ಬಿದ್ದುಹೋಗಲಿ. ಬರೀ ನೀರಿನವು ಒಣಗಿಲ್ಲವೇ ಅಂತ ಕೇಳಿದ್ದೀಯ. ಒಣಗಲು ನಾನು ಬಿಡುತ್ತೇನಾ? ಮಗುವಿನ ಹಾಗೆ ನೋಡಿಕೊಂಡಿದ್ದೇನೆ.

ಗೆದ್ದವನು ಸಿಹಿ ಹಂಚಬೇಕು, ನೀನು ತಕರಾರು ತೆಗೆಯುತ್ತಿದ್ದೀಯ. ಚಿಕ್ಕವನಿದ್ದಾಗಲೂ ಹೀಗೇ. ತರಗತಿಗೇ ಮೊದಲಿಗನಾದ ದಿನವೂ ಅಳುತ್ತಿದ್ದೆ, ಎರಡು ಅಂಕ ಹೋಯಿತು ಅಂತ.

ಮುಂದಿನ ವಾರ ಕೊಯ್ಲು. ತೂಕವನ್ನು ಗುಮಾಸ್ತ ಕಳಿಸುತ್ತಾನೆ.

ಅಕ್ಕ

ಏಪ್ರಿಲ್ 18

ಅಕ್ಕ,

ತೂಕ ಬಂತು. ಅಚ್ಚುಕಟ್ಟಾಗಿ ಮಾಡಿದ್ದೀಯ. ಗುಮಾಸ್ತ ಕೂಡ ಮೆಚ್ಚಿ ಬರೆದಿದ್ದಾನೆ. ನಿನ್ನ ಕೆಲಸ ಕಾಯಂ ಆಗಲಿದೆ, ಕೇಂದ್ರದವರೇ ಹೇಳಿದರು. ಉಳಿದ ಮದ್ದನ್ನು ಚೆಲ್ಲಿಬಿಡು, ಬಾಟಲಿ ಇಟ್ಟುಕೊಂಡು ಮಾಡುವುದೇನೂ ಇಲ್ಲ.

ಮೇ ತಿಂಗಳಲ್ಲಿ ಇಲ್ಲಿ ಒಂದು ಸಭೆಯಿದೆ, ಮಾಮೂಲು.

ಗುಬ್ಬಿ

ಜೂನ್ 6

ಗುಬ್ಬಿ,

ಏಪ್ರಿಲ್‌ನಿಂದ ನಿನ್ನ ಸುದ್ದಿಯಿಲ್ಲ. ದೊಡ್ಡ ಮನುಷ್ಯನಾದ ಮೇಲೆ ಕೈ ಕಾಗದಕ್ಕೆ ಬಗ್ಗುವುದಿಲ್ಲವೋ ಏನೋ.

ಮೇಷ್ಟ್ರು ದಿನಾ ಕೇಳುತ್ತಾರೆ, ಮದ್ದು ಯಾವಾಗ ಬರುತ್ತದೆ ಅಂತ. ಅವರ ಜೊತೆ ಇನ್ನೂ ಏಳೆಂಟು ಹೊಲದವರು ಸೇರಿಕೊಂಡಿದ್ದಾರೆ. ನವೆಂಬರಿಗೆ ಬಿತ್ತಬೇಕಲ್ಲ, ಅಷ್ಟರೊಳಗೆ ಬರುತ್ತದೆ ಅಂತ ನಾನೇ ಭರವಸೆ ಕೊಟ್ಟಿದ್ದೇನೆ. ಮೂರನೇ ಬಾಟಲಿಯಲ್ಲಿ ಅರ್ಧ ಉಳಿದಿತ್ತು. ನೀನು ಚೆಲ್ಲು ಅಂದೆ, ನನಗೆ ಮನಸ್ಸು ಬರಲಿಲ್ಲ. ಬಟ್ಟೆ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದೇನೆ.

ಈಗ ಎಲ್ಲ ಮುಗಿದಿದೆ, ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ, ಬೈಯಬೇಡ. ಮಾತು ಮುರಿದೆ, ಭಾರ ಎತ್ತಿದೆ. ಪಂಪಿಗೆ ಬೀಗ ಬಿದ್ದ ಮೇಲೆ ಬರೀ ನೀರಿನ ಪಾತಿಗಳಿಗೆ ನೀರು ಎಲ್ಲಿಂದ ತರಲಿ? ಮೇಷ್ಟ್ರ ಬಾವಿಯಿಂದ ಹೊತ್ತೆ, ಅವರ ಹೊಲಕ್ಕೆ ಹಾಯಿಸುವಷ್ಟು ನೀರು ಅದರಲ್ಲಿಲ್ಲ, ಕೊಡಕ್ಕೆ ಮಾತ್ರ ಸಾಕು. ನಾಲ್ಕು ದಿನಕ್ಕೊಮ್ಮೆ, ಪಾತಿಗೆ ಎರಡು ಕೊಡ, ಹನ್ನೆರಡು ಪಾತಿ. ಮೇಷ್ಟ್ರು ಲೆಕ್ಕ ಹಾಕಿ ನೂರರವತ್ತೆಂಟು ಕೊಡ ಅಂದರು. ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತು, ಮತ್ತೆ ಹಾಕಿಸಿದೆ, ಈಗ ವಾಸಿ. ಎಡ ಹೆಗಲು ಮಾತ್ರ ಮೇಲೆತ್ತಲು ಆಗುವುದಿಲ್ಲ. ನೀನು ಗೆದ್ದೆಯಲ್ಲ, ಹೆಗಲು ಏನು ಮಹಾ.

ಅಕ್ಕ

ಆಗಸ್ಟ್ 1

ಅಕ್ಕ,

ತಡವಾಯಿತು. ನಿನ್ನ ಹೆಗಲಿಗೆ ಬಿಸಿನೀರಿನ ಶಾಖ ಕೊಡು, ವೈದ್ಯರಿಗೆ ತೋರಿಸು.

ಮದ್ದು ಬರುವುದಿಲ್ಲ. ಮಾಡುವ ವೆಚ್ಚ ಜಾಸ್ತಿ ಅಂತ ಸಭೆಯಲ್ಲಿ ಬೇಡವೆಂದರು. ಮೇಷ್ಟ್ರಿಗೂ ಹಾಗೇ ಹೇಳು. ಕೊಠಡಿ ಮುಚ್ಚಿದರು. ನಾನು ಈಗ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದೇನೆ. ಡಬ್ಬಿಯೊಳಗಿನ ಬಣ್ಣ ಮುಚ್ಚಳದ ಮೇಲಿನ ಬಣ್ಣದ ಹಾಗೇ ಇದೆಯೇ ಎಂದು ನೋಡುವ ಕೆಲಸ. ಕಿಟಕಿಯಿಲ್ಲದ ಕೋಣೆ, ಬಿಳಿ ದೀಪ, ದಿನಕ್ಕೆ ಮುನ್ನೂರು ಡಬ್ಬಿ. ಕೈಯ ಕೆಂಪು ಹೋಯಿತು. ಬಸ್ಸಿನಲ್ಲಿ ಈಗ ಯಾರೂ ಏಳುವುದಿಲ್ಲ.

ನೀನು ಸುಖವಾಗಿರು. ಕೆಲಸ ಕಾಯಂ ಆಯಿತು ತಾನೆ?

ಗುಬ್ಬಿ

ಸೆಪ್ಟೆಂಬರ್ 10

ತಮ್ಮನಿಗೆ,

ಕೇಂದ್ರಕ್ಕೆ ವರದಿಯ ಅಚ್ಚಾದ ಪ್ರತಿ ಬಂತು. ಗುಮಾಸ್ತ ಅದನ್ನು ಕಿಟಕಿ ಒರೆಸಲು ಇಟ್ಟಿದ್ದ, ನಾನು ಕೇಳಿ ಪಡೆದುಕೊಂಡೆ. ನಿನ್ನ ಹೆಸರು ಅಚ್ಚಿನಲ್ಲಿ ನೋಡುವ ಆಸೆ, ಅಷ್ಟೇ. ಪುಸ್ತಕದ ಭಾಷೆ ನನಗೆ ಬಗ್ಗಲಿಲ್ಲ. ಮೇಷ್ಟ್ರ ಹತ್ತಿರ ಓದಿಸಿದೆ.

"ಬೀಟೇನ್ ಸಿಂಪಡಿಸಿದ ಪಾತಿಗಳಿಗೂ ಬರೀ ನೀರು ಸಿಂಪಡಿಸಿದ ಪಾತಿಗಳಿಗೂ ಇಳುವರಿಯಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಎರಡಕ್ಕೂ ಇಪ್ಪತ್ತೆಂಟು ದಿನ ನೀರು ಕೊಟ್ಟಿಲ್ಲ. ಬೀಟೇನ್ ನಿಷ್ಪ್ರಯೋಜಕ." ಕೆಳಗೆ ನಿನ್ನ ಸಹಿ.

ಎರಡಕ್ಕೂ ಅನ್ನುವಲ್ಲಿ ಮೇಷ್ಟ್ರು ನಿಲ್ಲಿಸಿ ನನ್ನ ಮುಖ ನೋಡಿದರು. ಅವರ ಬಾವಿಯ ನೀರು, ಅವರೇ ಎಣಿಸಿದ ಕೊಡ. ಕನ್ನಡಕ ತೆಗೆದರು.

ಬರೀ ನೀರು ಅಂದರೆ ಎರಡು ಸಲ ಬರೀ ನೀರು ಸಿಂಪಡಿಸಿ ಆಮೇಲೆ ಸಾಯಲು ಬಿಡು ಅಂತ ಅರ್ಥ ಅಂತ ನನಗೆ ಯಾರು ಹೇಳಿದ್ದರು? ಗೂಟದ ಮೇಲೆ ಬರೀ ನೀರು ಅಂತ ಚೀಟಿ ಇದೆ, ಮದ್ದಿನದಕ್ಕೆ ಹನಿ ಸೋಕಬಾರದು ಅಂತ ನಿನ್ನ ಕಾಗದವಿದೆ. ಮದ್ದು ಕುಡಿದದ್ದು ನೀರಿಲ್ಲದೆ ನಿಂತು, ನೀರು ಕುಡಿದದ್ದರ ಸಮ ಬರುತ್ತದಾ ಅಂತ ನೋಡುವುದು ಪರೀಕ್ಷೆ ಅಂತ ನಾನು ತಿಳಿದೆ. ಯಾವ ಹೆಂಗಸಾದರೂ ಹಾಗೇ ತಿಳಿಯುತ್ತಾಳೆ. ಪಂಪು ಹಾಕಿದರೆ ಎಲ್ಲ ಪಾತಿಗೂ ಹರಿಯುತ್ತದೆ, ಅದಕ್ಕೇ ಬೀಗ ಹಾಕಿಸಿದ್ದಾನೆ ಅಂದುಕೊಂಡೆ. ಸಮ ಬಂತು ಅಂತ ನಾನು ಕುಣಿದೆ. ನೀನು ಅದನ್ನು ಓದಿ ಸೋತೆ ಅಂದುಕೊಂಡೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕೋಣ ನಾನೇ.

ಆದರೆ ಒಂದು ಕೇಳುತ್ತೇನೆ. ಜೂನ್‌ನಲ್ಲಿ ಕೊಡದ ಲೆಕ್ಕ ಸಮೇತ ಬರೆದಿದ್ದೆನಲ್ಲ. ಅದನ್ನು ಓದಿದ ದಿನವೇ ನಿನಗೆ ಗೊತ್ತಾಗಿರಬೇಕು. ಎಂಟು ವಾರ ಸುಮ್ಮನಿದ್ದು ವೆಚ್ಚ ಜಾಸ್ತಿ ಅಂತ ಬರೆದೆ. ನಾನು ಅದನ್ನು ನಂಬಿ ಏಳೆಂಟು ಮನೆ ಬಾಗಿಲಿಗೆ ಹೋಗಿ ಹೇಳಿ ಬಂದೆ. ನನ್ನಿಂದ ಸುಳ್ಳು ಹೇಳಿಸಿದೆ.

ನಡೆದದ್ದನ್ನು ನಿರ್ದೇಶಕಿಗೆ ಬರೆ. ತಪ್ಪು ಹೊಲ ಕಾಯುವವಳದು ಅಂತ ಬರೆ. ನನಗೆ ಬೇಜಾರಿಲ್ಲ.

ಅಕ್ಕ

ಸೆಪ್ಟೆಂಬರ್ 25

ಅಕ್ಕ,

ಹೌದು. ಜೂನ್‌ನಲ್ಲೇ ಗೊತ್ತಾಯಿತು. ನಿನ್ನ ಕಾಗದ ಹಿಡಿದು ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ನೀರು ಕುಡಿದ ಪಾತಿ ನೂರು ಕೊಟ್ಟಿದ್ದರೆ, ನೀರೇ ಕಾಣದ ಮದ್ದಿನ ಪಾತಿ ತೊಂಬತ್ತಾರು ಕೊಟ್ಟಿದೆ. ನಾನು ಎಪ್ಪತ್ತು ಬಂದರೆ ಸಾಕು ಎಂದುಕೊಂಡಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಗೆಲುವು ಮತ್ತೆ ಬರುವುದಿಲ್ಲ. ಅದರ ಕೆಳಗೆ ನಿಷ್ಪ್ರಯೋಜಕ ಎಂದು ಬರೆದು ಸಹಿ ಹಾಕಿದ್ದೆ. ಅಲ್ಲಿಯ ನೆಲದ ಆಳದಲ್ಲಿ ತೇವವಿರಬೇಕು, ಅದಕ್ಕೇ ಯಾವುದೂ ಒಣಗಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬೇಲಿಯಾಚೆ ಮೇಷ್ಟ್ರ ಹೊಲ ಸುಟ್ಟುಹೋಗಿದೆ ಎಂದು ನೀನು ಬರೆದದ್ದು ಕಣ್ಣೆದುರೇ ಇತ್ತು. ಆಗಲೂ ಹೊಳೆಯಲಿಲ್ಲ.

ಈಗ ನಿಜ ಬರೆದರೆ ಕಾಯುವವಳು ಯಾರು, ಯಾರು ನೇಮಿಸಿದ್ದು ಎಂದು ಕೇಳುತ್ತಾರೆ. ನಿನ್ನ ಕೆಲಸ ಹೋಗುತ್ತದೆ, ಕೋಣೆ ಹೋಗುತ್ತದೆ. ಈ ವಯಸ್ಸಿನಲ್ಲಿ, ಈ ಹೆಗಲಿನಲ್ಲಿ ಎಲ್ಲಿಗೆ ಹೋಗುತ್ತೀಯ? ಅದನ್ನು ಯೋಚಿಸಿಯೇ ಸುಮ್ಮನಾದೆ. ನಿನಗೋಸ್ಕರ.

ಬರೆದದ್ದನ್ನು ಮೂರು ಸಲ ಓದಿದೆ, ಮೇಲಿನ ಸಾಲು ಪೂರ್ತಿ ನಿಜವಲ್ಲ. ನಮೂನೆಯಲ್ಲಿ ಸಂಬಂಧ ಇಲ್ಲ ಎಂದು ಬರೆಸಿದವನು ನಾನು. ಅದು ಹೊರಬಂದರೆ ಮತ್ತೆ ಯಾವ ಪ್ರಯೋಗಾಲಯವೂ ನನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಕೆಲಸ ಬಿಡುವುದಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ನಮ್ಮಿಬ್ಬರ ಮೂಗು ಒಂದೇ ಅಚ್ಚು. ನಾನು ನಿನ್ನ ಪಕ್ಕ ನಿಂತರೆ ಗುಮಾಸ್ತನಿಗೆ ಎರಡು ನಿಮಿಷ ಸಾಕಿತ್ತು. ಒಂದು ಸಲ ಬಂದಿದ್ದರೆ ನಿನ್ನ ಕೈಯಲ್ಲಿ ಕೊಡ ನೋಡುತ್ತಿದ್ದೆ, ಎಲ್ಲವೂ ಅಲ್ಲೇ ಸರಿಹೋಗುತ್ತಿತ್ತು. ನನ್ನ ಮೂಗು ಉಳಿಸಿಕೊಳ್ಳಲು ಹೋಗಿ ಎಲ್ಲ ಕಳೆದೆ.

ಮಾಡಿಟ್ಟ ಮದ್ದನ್ನೆಲ್ಲ ಸುಟ್ಟರು. ಟಿಪ್ಪಣಿ ಪುಸ್ತಕಗಳು ಎಲ್ಲಿಗೆ ಹೋದವೋ ಗೊತ್ತಿಲ್ಲ, ಅವೂ ಕೊಠಡಿಯೂ ಇಲ್ಲದೆ ಮತ್ತೆ ಮಾಡಲಾರೆ. ಈಗ ಹೇಳಿದರೂ ಏನೂ ವಾಪಸ್ ಬರುವುದಿಲ್ಲ. ನೀನು ಯಾರಿಗೂ ಬರೆಯಬೇಡ. ನಿನ್ನ ಕಾಲಿಗೆ ಬೀಳುತ್ತೇನೆ, ಇದನ್ನು ಇಲ್ಲಿಗೇ ಬಿಡು.

ಗುಬ್ಬಿ

ಅಕ್ಟೋಬರ್ 14

ಗುಬ್ಬಿ,

ಬರೆದೆ.

ಬೇಡ ಅಂದಿದ್ದೆ, ನಿನ್ನ ಕಾಗದವನ್ನು ದಿಂಬಿನ ಕೆಳಗಿಟ್ಟು ವಾರ ಕಳೆದೆ. ಬೆಳಗ್ಗೆ ಹೊರಗೆ ಬಂದರೆ ಮೇಷ್ಟ್ರು ಬೀಜ ಹಸನು ಮಾಡುತ್ತಾ ಕೂತಿರುತ್ತಾರೆ. ಈ ವರ್ಷವೂ ಮಳೆಯಿಲ್ಲ, ಆದರೂ ಬಿತ್ತುತ್ತಾರಂತೆ, ಅಭ್ಯಾಸ ಬಿಡುವುದಿಲ್ಲವಂತೆ. ಅವರಿಗೆ ಎಲ್ಲ ಗೊತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಿರ್ದೇಶಕಿಗೆ ಎರಡು ಪುಟ ಬರೆದೆ. ಯಾವ ಪಾತಿಗೆ ಯಾವ ದಿನ ಎಷ್ಟು ಕೊಡ, ಎಲ್ಲ. ಕೆಳಗೆ ಮೇಷ್ಟ್ರ ಸಾಕ್ಷಿ ಸಹಿ. ಕೊನೆಯಲ್ಲಿ, ಸೇರುವಾಗ ತುಂಬಿದ ನಮೂನೆಯಲ್ಲಿ ಒಂದು ತಪ್ಪಿದೆ, ಸಂಬಂಧ ಅನ್ನುವ ಕಡೆ ಅಕ್ಕ ಅಂತ ತಿದ್ದಿಕೊಳ್ಳಿ, ತಪ್ಪು ಹೇಳಿದವಳು ನಾನು ಅಂತ ಸೇರಿಸಿದೆ. ನಿನ್ನನ್ನು ಬೀಳಿಸಬೇಕು ಅಂತಲ್ಲ. ನಿನ್ನ ಕೆಲಸ ಸುಳ್ಳಾಗಲಿಲ್ಲ ಅಂತ ಎಲ್ಲಾದರೂ ಒಂದು ಕಡೆ ಬರೆದಿರಲಿ ಅಂತ.

ಕೋಪ ಬರುತ್ತದೆ, ಗೊತ್ತು. ಬೈದಾದರೂ ಬರೆ.

ಅಕ್ಕ

ಡಿಸೆಂಬರ್ 19

ಗುಬ್ಬಿ,

ಇದು ಮೂರನೆಯ ಕಾಗದ. ಹಿಂದಿನ ಎರಡು ವಾಪಸ್ ಬಂದಿಲ್ಲ, ಆದ್ದರಿಂದ ತಲುಪಿವೆ ಅಂತ ತಿಳಿಯುತ್ತೇನೆ.

ನಿರ್ದೇಶಕಿಯ ಉತ್ತರ ಬಂತು, ನಾಲ್ಕು ಸಾಲು. ಪತ್ರ ತಲುಪಿದೆ. ಹೊಲ ಕಾಯುವವರ ಸೇವೆ ಕೊನೆಗೊಳಿಸಲಾಗಿದೆ. ಮುಖ್ಯಸ್ಥರ ವಿಚಾರ ಸಂಬಂಧಪಟ್ಟವರಿಗೆ ತಿಳಿಸಲಾಗುವುದು. ಮದ್ದಿನ ಮಾದರಿ ಉಳಿದಿಲ್ಲವಾದ್ದರಿಂದ ಮರುಪ್ರಯೋಗ ಸಾಧ್ಯವಿಲ್ಲ. ಗುಮಾಸ್ತ ಕೀಲಿ ಕೇಳಲು ಬಂದಾಗ ತಲೆ ತಗ್ಗಿಸಿದ್ದ. ಮೊದಲ ದಿನವೇ ಗೊತ್ತಾಗಿತ್ತು ಅಂದ. ನೀನು ಎಂದೋ ಕೇಂದ್ರಕ್ಕೆ ಕಳಿಸಿದ್ದ ಫೋಟೋ ಅವನ ಮೇಜಿನ ಗಾಜಿನ ಕೆಳಗೇ ಇತ್ತಂತೆ. "ನನಗ್ಯಾಕೆ ಅಂತ ಸುಮ್ಮನಿದ್ದೆ" ಅಂದ. ನಿನ್ನ ಮೂಗನ್ನು ಯಾರಿಂದ ಬಚ್ಚಿಟ್ಟೆವೋ ಅವನಿಗೇ ಎಲ್ಲ ಗೊತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೇಷ್ಟ್ರು ತಮ್ಮ ಸಾಮಾನಿನ ಕೋಣೆ ಬಿಟ್ಟುಕೊಟ್ಟಿದ್ದಾರೆ. ಬದಲಿಗೆ ಅವರ ಹಸುಗಳನ್ನು ನೋಡಿಕೊಳ್ಳುತ್ತೇನೆ. ಮದ್ದಿನ ಮಾದರಿ ಉಳಿದಿಲ್ಲ ಅನ್ನುವ ಸಾಲನ್ನು ಅವರು ಎರಡು ಸಲ ಓದಿದರು. ನಿರ್ದೇಶಕಿಗೆ ಬರೆಯುವಾಗ ನೆನಪಾಗದ ಬಾಟಲಿ ಆಗ ನೆನಪಾಯಿತು, ಎದ್ದು ಹೋಗಿ ಟ್ರಂಕು ತೆಗೆದೆ.

ಅರ್ಧ ಬಾಟಲಿಗೆ ಎಷ್ಟು ಪಾತಿ ಆಗುತ್ತದೆ ಅಂತ ಅವರು ಲೆಕ್ಕ ಹಾಕಿದರು. ಎರಡು. ಮದ್ದಿಗೆ ಎರಡು, ಹೋಲಿಕೆಗೆ ಎರಡು. ತಡವಾಯಿತು, ಆದರೂ ಬಿತ್ತಿದ್ದೇವೆ.

ಅಕ್ಕ

ಮಾರ್ಚ್ 21

ಗುಬ್ಬಿ,

ನೀನು ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಇದ್ದೀಯೋ ಇಲ್ಲವೋ, ನನ್ನಿಂದ ಆ ಕೆಲಸವೂ ಹೋಯಿತೋ ಗೊತ್ತಿಲ್ಲ. ನಾನು ಬರೆಯುವುದನ್ನು ಬಿಡುವುದಿಲ್ಲ.

ನೀರು ನಿಲ್ಲಿಸಿ ಇಂದಿಗೆ ಇಪ್ಪತ್ತೊಂದು ದಿನ. ಈ ಸಲ ಯಾವುದಕ್ಕೂ ನೀರಿಲ್ಲ. ಚೀಟಿ ನಾನೇ ಬರೆದೆ. ಒಂದರ ಮೇಲೆ ಮದ್ದು, ಇನ್ನೊಂದರ ಮೇಲೆ "ಏನೂ ಕೊಡಬಾರದು". ಮೂರನೇ ತರಗತಿಯ ಮಗು ಓದಿದರೂ ಬೇರೆ ಅರ್ಥ ಬರಬಾರದು ಅಂತ.

ಏನೂ ಕೊಡದ ಪಾತಿಗಳ ಎಲೆ ಹತ್ತನೇ ದಿನಕ್ಕೆ ಸುರುಳಿಯಾಯಿತು. ಹದಿನಾಲ್ಕಕ್ಕೆ ಬೂದಿ ಬಣ್ಣ. ಹದಿನೇಳಕ್ಕೆ ಕೈಯಲ್ಲಿ ಹಿಡಿದರೆ ಪುಡಿಯಾಯಿತು. ಬಾವಿ ಮೂವತ್ತು ಹೆಜ್ಜೆ ದೂರದಲ್ಲಿದೆ, ಕೊಡ ಬಾಗಿಲಲ್ಲೇ ಇದೆ. ಮೂರು ಸಲ ಕೊಡ ತುಂಬಿ ಮೂರು ಸಲವೂ ಹಸುವಿನ ತೊಟ್ಟಿಗೆ ಸುರಿದೆ. ಕಣ್ಣೆದುರು ಒಂದು ಸಾಯಲು ಬಿಟ್ಟರೇ ಇನ್ನೊಂದು ಬದುಕಿದೆ ಅಂತ ಗೊತ್ತಾಗುವುದು ಅನ್ನುವುದನ್ನು ನೀನು ನನಗೆ ಮೊದಲೇ ಹೇಳಬೇಕಿತ್ತು. ಹೇಳಿದ್ದರೂ ನನ್ನ ಕೈಲಿ ಆಗುತ್ತಿತ್ತೋ ಇಲ್ಲವೋ. ನಿನ್ನ ಕೆಲಸಕ್ಕೆ ಇಷ್ಟು ಗಟ್ಟಿ ಮನಸ್ಸು ಬೇಕು ಅಂತ ನನಗೆ ತಿಳಿದಿರಲಿಲ್ಲ.

ಮದ್ದಿನ ಪಾತಿಗಳು ನಿಂತಿವೆ. ಹಸಿರಾಗಿವೆ. ತೆನೆ ತುಂಬುತ್ತಿದೆ. ಮೇಷ್ಟ್ರು ದಿನಾ ಎಣಿಸುತ್ತಾರೆ, ಈಗ ಎರಡೇ, ಆದರೂ ಬೆರಳು ಮಡಿಸಿ ಎಣಿಸುತ್ತಾರೆ. ಸುತ್ತಲಿನ ಹೊಲಗಳವರು ಬಂದು ನಿಂತು ನೋಡಿ ಹೋಗುತ್ತಾರೆ. ಇನ್ನೂ ಉಂಟಾ ಅಂತ ಕೇಳುತ್ತಾರೆ. ಬಾಟಲಿ ಬಗ್ಗಿಸಿ ತೋರಿಸುತ್ತೇನೆ.

ನಿನ್ನೆಯಿಂದ ಕೆಳಗಿನ ಎಲೆಯ ತುದಿ ಸ್ವಲ್ಪ ಹಳದಿಯಾಗಿದೆ. ಇದಕ್ಕೂ ಒಂದು ಮಿತಿ ಇರಬೇಕು. ಇನ್ನೊಂದು ವಾರ ಹಸಿರಾಗಿ ನಿಲ್ಲಬಹುದು ಅಂತ ಮೇಷ್ಟ್ರು ಹೇಳುತ್ತಾರೆ, ಆಮೇಲೆ ಕೊಯ್ಯಲೇಬೇಕು. ರೈಲು ಒಂದು ಹಗಲಿನದು. ಇಲ್ಲಿ ಎಲ್ಲರಿಗೂ ಗೊತ್ತಿದೆ, ಮೂಗು ಮುಚ್ಚಿಕೊಂಡು ಬರಬೇಕಿಲ್ಲ.

ವಾರದೊಳಗೆ ಬಂದರೆ ನಿನ್ನ ಕಣ್ಣಿನಿಂದಲೇ ನೋಡುತ್ತೀಯ. ಆಮೇಲೆ ಬಂದರೆ ನನ್ನ ಮಾತು ನಂಬಬೇಕಾಗುತ್ತದೆ.

ಅಕ್ಕ